ಬೆಂಕಿ ಕಂಡ ಕತ್ತಿ

ಒಸಾಫುನೆ
ನವೆಂಬರ್ 9, 2014

ನನ್ನ ಮುದ್ದಿನ ತಂಗಿ ಫುಮಿಯೆಗೆ,

ನಿನ್ನ ಅಣ್ಣ ಕಾನ್‌ಜಿಯ ಆಶೀರ್ವಾದ. ನೀನು ಕಳಿಸಿದ ಒಣಮೀನು ಬಂದು, ಮುಗಿದು, ಅದರ ವಾಸನೆಯೂ ಮನೆ ಬಿಟ್ಟು ಹೋಯಿತು. ನನ್ನ ಉತ್ತರ ಈಗ ಹೊರಟಿದೆ! ಕೋಪ ಬೇಡ, ಕೊನೆತನಕ ಓದು.

ಅಪ್ಪನ ಕತ್ತಿಯನ್ನು ಪರೀಕ್ಷೆಗೆ ಕೊಟ್ಟೆ. ಹೌದು, ಯಾರೂ ಸಾಣೆಗೆ ಮುಟ್ಟಿಸಕೂಡದೆಂದು ಅಪ್ಪ ಆಣೆ ಹಾಕಿಸಿದ್ದ ಅದೇ ಕತ್ತಿ! ನೀನು ಹುಟ್ಟುವ ಮೊದಲು, ಯುದ್ಧದಲ್ಲಿ ಬಾಂಬು ಬಿದ್ದು ಒಕಾಯಾಮಾ ಹೊತ್ತಿ ಉರಿದಾಗ, ನಮ್ಮ ಅಕ್ಕ ಚಿಜುವನ್ನು ಉರಿಯುವ ಮನೆಯೊಳಗೇ ಬಿಟ್ಟು ಅಪ್ಪ ಹೊತ್ತು ತಂದನಲ್ಲ, ಅದೇ! ಅಂದು ಕಾರ್ಖಾನೆಯ ಪಾಳಿಯಲ್ಲಿದ್ದ ಅಮ್ಮ ಸಾಯುವತನಕ ಕೇಳಿದಳು: "ಮಗಳಿಗಿಂತ ಕಬ್ಬಿಣ ಹೆಚ್ಚಾಯ್ತಾ ನಿಮಗೆ?" ಅಪ್ಪ "ಹೂಂ, ಹೆಚ್ಚಾಯ್ತು" ಎಂದಷ್ಟೇ ಹೇಳಿ ಕತ್ತಿ ಬಡಿಯಲು ಕುಲುಮೆಗೆ ಹೋಗುತ್ತಿದ್ದ.

ಬೆಂಕಿಯಿಂದ ಪಾರಾದ ಕತ್ತಿಯೆಂದು ಮ್ಯೂಸಿಯಂನವರು ಪ್ರದರ್ಶನಕ್ಕೆ ಕೇಳಿದರು. ಮೊದಲು ಪರೀಕ್ಷೆ ಆಗಲಿ ಎಂದರು. ತೋಕೈಯ ಪ್ರಯೋಗಾಲಯದಲ್ಲಿ ನಾಗಾಸೆ ಎಂಬ ವಿಜ್ಞಾನಿ ಹುಡುಗಿ. ಒರೆಯಿಂದ ಎಳೆಯುವಾಗ ಅಲಗಿಗೆ ಉಗುಳು ಸಿಡಿಯಬಾರದೆಂದು ಬಾಯಲ್ಲಿ ಕಾಗದ ಕಚ್ಚಿಕೊಂಡೆ.

"ಅಜ್ಜಾ, ನಿಮ್ಮನ್ನ ಸುಮ್ಮನಿರಿಸೋಕೆ ಇದೊಂದೇ ದಾರಿ ಅನ್ಸುತ್ತೆ!" ಎಂದಳು ತುಂಟಿ.

ಕೆರೆಯಲಿಲ್ಲ, ಕೊರೆಯಲಿಲ್ಲ, ನ್ಯೂಟ್ರಾನ್ ಕಿರಣ ಹಾಯಿಸಿ ಉಕ್ಕಿನ ಹೊಟ್ಟೆಯೊಳಗನ್ನೇ ನೋಡಿದಳು. ನೋಡಿದವಳ ಮುಖ ಇಳಿಯಿತು.

"ಇದು ಪಾರಾದ ಕತ್ತಿ ಅಲ್ಲ, ಅಜ್ಜಾ. ತುದಿಯಿಂದ ಹಿಡಿಯೊಳಗಿನ ಬುಡದ ತನಕ ಬೆಂಕೀಲಿ ಬೆಂದಿದೆ. ಆಮೇಲೆ ಯಾರೋ ಪಳಗಿದ ಕೈಯೋರು ಮತ್ತೆ ಕಾಯಿಸಿ, ನೀರಿಗದ್ದಿ, ಅಲಗಿಗೆ ಹೊಸದಾಗಿ ಹದ ಕೊಟ್ಟಿದಾರೆ."

"ಯಾವುದೋ ಹಳೇ ಕಾಲದ ಬೆಂಕಿ ಇರಬಹುದಲ್ಲಮ್ಮ?"

"ಬುಡದ ತುಕ್ಕಿನ ಕೆಳಗೆ ಗಾಜು ಕರಗಿ ಅಂಟಿದೆ. ಹಳೇ ಕಾಲದ್ದಲ್ಲ, ಕಳೆದ ಶತಮಾನದ ಕಿಟಕಿ ಗಾಜು."

ಅಪ್ಪ ಕತ್ತಿ ತರಲೇ ಇಲ್ಲ, ಫುಮಿಯೆ! ಬೂದಿಯಿಂದ ಹೆಕ್ಕಿ, ಗುಟ್ಟಾಗಿ ಹದ ಕೊಟ್ಟು, "ಇದನ್ನೇ ಹೊತ್ತು ತಂದೆ" ಎಂದು ಊರ ಮುಂದೆ ಎತ್ತಿ ಹಿಡಿದ. ಸಾಣೆಯವನ ಕಣ್ಣಿಗೆ ಈ ಗುಟ್ಟು ಬೀಳಬಾರದೆಂದೇ ಆ ಆಣೆ. ಬೆಂದ ಕತ್ತಿ ಬೇಡವೆಂದು ಮ್ಯೂಸಿಯಂನವರು ಹಿಂದಿರುಗಿಸಿದರು.

ಚಳಿ ಶುರುವಾಯಿತು, ಎದೆ ಬೆಚ್ಚಗಿಟ್ಟುಕೋ. ನೀನೂ ನಿನ್ನ ಮಕ್ಕಳೂ ನೂರು ಕಾಲ ಬಾಳಿ.

ನಿನ್ನ ಅಣ್ಣ,
ಕಾನ್‌ಜಿ

ಮರೆತಿದ್ದೆ: ಅಲ್ಲ, ಬರೆಯಲು ಕೈ ಬರಲಿಲ್ಲ. ಪುಟ್ಟವನಾಗಿದ್ದ ನನ್ನನ್ನು ಅಂದು ಪಕ್ಕದ ಮನೆಯವರು ಹೊರಗೆ ತಂದರೆಂದು ಅಪ್ಪ ಹೇಳುತ್ತಿದ್ದನಲ್ಲ? ಆ ಮನೆಯ ಮಗಳು ತೊಮಿನೊ ಈಗ ಹಣ್ಣು ಮುದುಕಿ. ನಿನ್ನೆ ಹೋಗಿ ಕೇಳಿದೆ.

"ನಾವೆಲ್ಲಿ ತಂದ್ವಿ? ನಿಮ್ಮಪ್ಪನೇ ನಿನ್ನ ಎದೆಗವಚಿಕೊಂಡು ಓಡಿಬಂದ. ಚಿಜೂಗೆ ಅಂತ ಮತ್ತೆ ನುಗ್ಗೋಷ್ಟರಲ್ಲಿ ಸೂರು ಬಿತ್ತು. 'ಅಕ್ಕನ ಬದಲು ನಾನುಳಿದೆ ಅಂತ ಮಗು ಕೊರಗಬಾರದು. ನನ್ನ ಬೈಕೊಂಡೇ ಬೆಳೀಲಿ' ಅಂತ ನಮ್ಮಿಂದಲೂ ಮಾತು ತಗೊಂಡ."

ಹಾಗೇ ಬೆಳೆದೆ, ತಂಗಿ.