ಭಾವ ಕಟ್ಟಿದ ಕದಿರು, ಗಡಿಯಾರ ಮರೆತ ಕಂಪ್ಯೂಟರು

ಮಾನ್ಯ ಸಭಾಧ್ಯಕ್ಷರೇ, ವೇದಿಕೆಯ ಮೇಲೆ ಹಳೆ ಸೀರೆಯ ತುಂಡು ಹೊದ್ದು ಆಸೀನರಾಗಿರುವ ಮಾನಿಟರ್ ಅವರೇ, ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಿಂದ ಆಗಮಿಸಿರುವ ಸಮಸ್ತ ಮುದಿ ಕಂಪ್ಯೂಟರುಗಳೇ, ಅವನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಧೂಳು ಒರೆಸುತ್ತಿರುವ ಮನೆಯೊಡೆಯರೇ,

ಮೌಸಿಗೆ ಮುಪ್ಪು, ಕೀಬೋರ್ಡಿಗೆ ಉಪ್ಪು,
ಹೇಳಿ ಸಭಿಕರೇ, ಯಾರದು ತಪ್ಪು?

ಚಪ್ಪಾಳೆ ಬೀಳಲಿಲ್ಲ. ಸಭೆ ಬರಖಾಸ್ತು. ಪ್ರೀತಿಯ ಭಾವ, ಇನ್ನು ಮುಂದಿನದ್ದು ನಿಮಗೊಬ್ಬರಿಗೇ. ನೀವಿದ್ದಿದ್ದರೆ ಇಷ್ಟು ಹೊತ್ತಿಗೆ "ನಿನ್ ಪ್ರಾಸಕ್ ಒಂದ್ ಆಂಟಿವೈರಸ್ ಹಾಕ್ಕ್ ಮಾರಾಯ" ಅನ್ನುತ್ತಿದ್ದಿರಿ. ತೆಕ್ಕಟ್ಟೆಯ ಆ ಮನೆಯಲ್ಲಿ ಈಗ ಹಾಗೆ ಅನ್ನುವವರಿಲ್ಲ, ಹಾಗಾಗಿ ನನ್ನ ಪ್ರಾಸ ಹತೋಟಿ ತಪ್ಪಿದೆ. ಅಕ್ಕ ಕೇಳಿಸಿಕೊಳ್ಳುತ್ತಾಳೆ, ಬೈಯುವುದಿಲ್ಲ. ಬೈಯುವವರಿಲ್ಲದ ಮೇಲೆ ಪ್ರಾಸ ಕಟ್ಟಿ ಏನು ಸುಖ?

ನೀವು ಬೊಂಬಾಯಿಯ ಹೋಟೆಲು ಬಿಟ್ಟು ಊರಿಗೆ ಬಂದು ಕಂಪ್ಯೂಟರು ತಂದ ದಿನ ನೆನಪಿದೆಯೆ? ಹೆಂಡತಿಯ ತಮ್ಮ ಪದವೀಧರ ಎಂಬ ಒಂದೇ ಧೈರ್ಯದಲ್ಲಿ ನನ್ನನ್ನು ಕುಂದಾಪುರದಿಂದ ಕರೆಸಿದಿರಿ. ನಾನು ಓದಿದ್ದು ಕನ್ನಡ ಮಾಧ್ಯಮ, ಪದವಿಯೂ ಕನ್ನಡದ್ದೇ. ನನಗೆ ಗೊತ್ತಿದ್ದ ವೈರಸ್ಸು ಜ್ವರದ್ದು ಮಾತ್ರ. ಆದರೂ ಸ್ವಿಚ್ಚು ಒತ್ತಿದ್ದು ನಾನು. ಅದು ಹೊತ್ತಿಕೊಂಡಿತು. ಆ ಒಂದು ಪುಣ್ಯಕ್ಕೆ ನೀವು ಕಣ್ಣುಮುಚ್ಚುವವರೆಗೂ ನಾನೇ ನಿಮ್ಮ ಇಂಜಿನಿಯರಾಗಿ ಉಳಿದೆ.

"ನಾಟ್ ರೆಸ್ಪಾಂಡಿಂಗ್" ಅಂತ ಪರದೆಯ ಮೇಲೆ ಬಂದಾಗಲೆಲ್ಲ ನಿಮ್ಮೊಳಗಿನ ಹೋಟೆಲು ಮ್ಯಾನೇಜರು ಎದ್ದು ಕೂರುತ್ತಿದ್ದ. ಕರೆದರೆ ಓಗೊಡದ ಸಪ್ಲಾಯರನ್ನು ನೀವು ಜನ್ಮದಲ್ಲಿ ಸಹಿಸಿದವರಲ್ಲ. ಗಲ್ಲೆಯ ಮೇಲಿನ ಗಂಟೆ ಬಡಿದ ಹಾಗೆ ಮೌಸನ್ನು ಬಡಿಯುತ್ತಿದ್ದಿರಿ. ಪಾಪ ಅದು ಒಂದೊಂದು ಬಡಿತವನ್ನೂ ಹೊಸ ಆರ್ಡರ್ ಅಂತ ತಿಳಿದು, ಉಸಿರು ಬಂದ ಮೇಲೆ ಒಂದೇ ಯಕ್ಷಗಾನದ ಆಟವನ್ನು ಹತ್ತಾರು ಕಿಟಕಿಗಳಲ್ಲಿ ತೆರೆದು, ಎಲ್ಲದರಲ್ಲೂ ಒಟ್ಟಿಗೆ ಚೆಂಡೆ ಬಾರಿಸುತ್ತಿತ್ತು. ಕಾಯಿರಿ ಭಾವ, ಒಮ್ಮೆ ಒತ್ತಿ ಕೈ ಕಟ್ಟಿ ಕೂರಿ ಅಂತ ನಾನು ಎಷ್ಟು ಬೇಡಿಕೊಂಡರೂ, ಗಿರಾಕಿಯನ್ನು ಕಾಯಿಸುವ ಹೋಟೆಲು ಉದ್ಧಾರ ಆಗುವುದುಂಟಾ ಅಂತ ನನ್ನನ್ನೇ ಕೇಳುತ್ತಿದ್ದಿರಿ.

ಇನ್ನು ಆ ಆಂಟಿವೈರಸ್ಸುಗಳು. ಒಂದು ಸಾಲದು, ರಜೆ ಹಾಕಿದರೆ ಕಷ್ಟ ಅಂತ ಎರಡನ್ನು ಕೂರಿಸಿದಿರಿ. ಒಂದೇ ರಂಗಸ್ಥಳದಲ್ಲಿ ಇಬ್ಬರು ಭಾಗವತರು! ಅದು ಇದನ್ನು ಕಳ್ಳ ಅನ್ನುವುದು, ಇದು ಅದನ್ನು. ನಿಜವಾದ ಕಳ್ಳರು ನಡುವಿನಿಂದ ಆರಾಮವಾಗಿ ಒಳಗೆ ಬಂದು, ಪರದೆಯ ನೆತ್ತಿಯ ಮೇಲೆ ಒಂದರ ಕೆಳಗೊಂದು ಟೂಲ್‌ಬಾರಿನ ಪಟ್ಟಿ ಕಟ್ಟಿಕೊಂಡು ಸಂಸಾರ ಹೂಡಿದರು. ಕಡೆಗೆ ನೀವು ಪತ್ರಿಕೆ ಓದುತ್ತಿದ್ದದ್ದು ಅಂಗೈಯಗಲದ ಜಾಗದಲ್ಲಿ.

ಹೊಸ ಅಕ್ಕಿ ಉಣ್ಣುವ ಹೊಸ್ತಿನ ಹಬ್ಬದ ದಿನ ನೀವು ಕದಿರು ಕಟ್ಟುತ್ತಿದ್ದ ಸಂಭ್ರಮ ಬೇರೆಯೇ. ಎಲ್ಲರೂ ಹೊಸ ಭತ್ತದ ತೆನೆಯನ್ನು ಮಾವು, ಹಲಸು, ಬಿದಿರಿನ ಎಲೆಯ ಜತೆ ಬಾಗಿಲಿಗೆ, ಬಾವಿಗೆ, ಬೈಕಿಗೆ ಕಟ್ಟಿ ಕೈತೊಳೆದರೆ ನೀವು ಕಂಪ್ಯೂಟರಿನ ಪೆಟ್ಟಿಗೆಗೂ ಕಟ್ಟುತ್ತಿದ್ದಿರಿ. ಅನ್ನ ಕೊಡುವ ವಸ್ತುವಿಗೆ ಕಟ್ಟುವುದಲ್ಲವಾ, ಇದು ಕೊಡುವುದು ಬರೀ ತಲೆಬಿಸಿ ಅಂತ ನಾನು ನಕ್ಕರೆ, "ಮನಿಯಗೆ ಇದ್ದವ್ರಿಗೆಲ್ಲ ಕಟ್ಟುದ್. ನಿನ್ ಕೈಗೂ ಕಟ್ಟುದಾ?" ಅಂದಿದ್ದಿರಿ.

ನೀವು ಹೋದ ಮೇಲೆ ವರ್ಷಾಂತಿಕ ಆಗುವವರೆಗೆ ಮನೆಯಲ್ಲಿ ಹಬ್ಬವಿರಲಿಲ್ಲ, ಕದಿರೂ ಇಲ್ಲ, ಕಂಪ್ಯೂಟರಿನ ಬಟ್ಟೆ ಸರಿಸಿದವರೂ ಇಲ್ಲ. ಈ ವರ್ಷ ಅಕ್ಕ ಒಂದು ದಿನ ಫೋನು ಮಾಡಿದಳು. ಮೊಬೈಲಿನಲ್ಲಿ ಆಟ ನೋಡಿದರೆ ವೇಷಗಳು ಇರುವೆಯಷ್ಟು ಕಾಣುತ್ತವಂತೆ, ದೊಡ್ಡದರಲ್ಲಿ ನೋಡಬೇಕಂತೆ, ಆದರೆ ಅದು ಶುರುವಾದ ಹಾಗೆ ಮಾಡಿ ತಾನಾಗಿ ಆರಿಹೋಗುತ್ತದಂತೆ. ಅತ್ತ ನಿಮ್ಮ ಮಗಳು ಮಂಗಳೂರಿನಿಂದ, ಹೊಸ್ತಿಗೆ ಬರುವಾಗ ಲ್ಯಾಪ್‌ಟಾಪು ತರುತ್ತೇನೆ, ಆ ಡಬ್ಬಿಯನ್ನು ಗುಜರಿಯವನಿಗೆ ಕೊಟ್ಟುಬಿಡಿ ಅಂತ ತೀರ್ಪು ಕೊಟ್ಟಾಗಿತ್ತು. ಅಕ್ಕ ಮಧ್ಯಸ್ಥಿಕೆ ಮಾಡಿದಳು: "ಹೊಸ್ತಿನ್ ದಿನ ಅದ್ ಶುರು ಆರೆ ಇರ್ಲಿ. ಆಗ್ದಿರೆ ಕೊಡುವ." ಅಂದರೆ ನಿಮ್ಮ ಕಂಪ್ಯೂಟರಿನ ಜೀವ ನನ್ನ ಕೈಯಲ್ಲಿ. ನಿಮಗೆ ನಡುಕ ಬಂದಿರಬೇಕು.

ಆದಿತ್ಯವಾರ ಆದಿತ್ಯವಾರ ಹೋದೆ. ಜಗಳಗಂಟ ಆಂಟಿವೈರಸ್ಸುಗಳಲ್ಲಿ ಒಂದನ್ನು ಕಿತ್ತೆ. ಪಟ್ಟಿಗಳನ್ನೆಲ್ಲ ಒಕ್ಕಲೆಬ್ಬಿಸಿದೆ. ಬೆಳಿಗ್ಗೆ ಯಜಮಾನ ಏಳುವ ಮೊದಲೇ ಎದ್ದು ಅಡುಗೆಮನೆ ತುಂಬಿಕೊಳ್ಳುವ ನೆಂಟರ ಹಾಗೆ, ಕಂಪ್ಯೂಟರು ಶುರುವಾಗುವಾಗಲೇ ತಾವೂ ಶುರುವಾಗುವ ತಂತ್ರಾಂಶಗಳಿರುತ್ತವಲ್ಲ, ಅವನ್ನು ಮಲಗಿಸಿದೆ. ತಾತ್ಕಾಲಿಕ ಅಂತ ಬಂದು ಕಾಯಂ ಆಗಿದ್ದ ಕಡತಗಳನ್ನು ಗುಡಿಸಿದೆ. ನೀವು ತುಂಬಿಟ್ಟ ಆಟಗಳಲ್ಲಿ ಎರಡೆರಡು ಸಲ ಇದ್ದವನ್ನು ಅಳಿಸಿ, ಒಂದು ಸುಭಾಷಿತವನ್ನೂ ಹೊಸೆದೆ:

ತುಂಬಿದ ಹೊಟ್ಟೆ, ತುಂಬಿದ ಡಿಸ್ಕು,
ಎಬ್ಬಿಸಿ ಓಡಿಸಿದರೆ ಎರಡೂ ರಿಸ್ಕು.

ಆದರೂ ಅದು ಆರುವುದು ನಿಲ್ಲಲಿಲ್ಲ. ಇನ್ನು ಎಲ್ಲ ಅಳಿಸಿ ಹೊಸದಾಗಿ ಹಾಕುವುದೇ ಗತಿ ಅಂದೆ. ಅಕ್ಕ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಇದೆಂತ ಜ್ವರ ಬಂದವರ ಹಣೆಯ ಹಾಗೆ ಕಾಯುತ್ತಿದೆ ಅಂದಳು. ನಾನು ಆವರೆಗೆ ಮುಟ್ಟಿಯೇ ನೋಡಿರಲಿಲ್ಲ.

ಮುಚ್ಚಳ ಬಿಚ್ಚಿದೆ. ಗೋಡೆಯ ಕಡೆಗಿದ್ದ ಪಕ್ಕದ ಜಾಲರಿಗೆ ನಿಮ್ಮ ಕೊನೆಯ ಹೊಸ್ತಿನ ಕದಿರು ಹಾಗೇ ಇತ್ತು. ತೆನೆ ಒಣಗಿ, ಜಾಲರಿಯ ತೂತಿನಿಂದ ಒಳಕ್ಕೆ ಬಗ್ಗಿ, ಫ್ಯಾನಿನ ರೆಕ್ಕೆಗೆ ಅಡ್ಡ ಸಿಕ್ಕಿಕೊಂಡಿತ್ತು. ಗಾಳಿಯಿಲ್ಲದೆ ಕುದ್ದು ಕುದ್ದು ಜೀವ ಉಳಿಸಿಕೊಳ್ಳಲು ಅದು ತಾನೇ ಆರಿಕೊಳ್ಳುತ್ತಿತ್ತು. ವೈರಸ್ಸಲ್ಲ ಭಾವ, ಭತ್ತ!

"ಅದ್ಕೂ ಹೊಸ್ತ್ ಊಟ ಬೇಕಾಯ್ತ್ ಕಾಣ್" ಅಂತ ಅಕ್ಕ ಸೀರೆಯ ಸೆರಗು ಬಾಯಿಗಿಟ್ಟು ನಕ್ಕಳು. ನೀವು ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನಾನು ಕತ್ತರಿ ತೆಗೆದುಕೊಂಡೆ. ಆಗ ಅವಳಿಗೆ ನಾರಿನ ಗಂಟು ಕಂಡಿತು. ಒಂದು ಸುತ್ತು, ಒಂದು ಎಳೆತ, ತುದಿಯನ್ನು ಅಡಿಗೆ ತುರುಕಿದ್ದು. ಸಾಂಬಾರಿನ ಪಾರ್ಸಲಿಗೆ ನೀವು ಹಾಕುತ್ತಿದ್ದ ಅದೇ ಗಂಟು. ನಗು ಅಲ್ಲಿಗೆ ನಿಂತಿತು. ಕತ್ತರಿ ಹಿಡಿದ ನನ್ನ ಕೈಯನ್ನು ಮೆಲ್ಲಗೆ ಸರಿಸಿ ಅಂದಳು:

"ಒಳ್ಗ್ ಹೋದ್ದ್ ತೆಗಿ. ಹೊರ್ಗಿದ್ದದ್ದ್ ಇರ್ಲಿ."

ಹಾಗೇ ಮಾಡಿದೆ. ಫ್ಯಾನು ತಿರುಗಿತು. ಉಳಿದದ್ದು ಒಂದೇ ರೋಗ, ಮರೆವು. ಒಳಗೆ ಗಡಿಯಾರ ಕಾಯುವ ಗುಂಡಗಿನ ಸಣ್ಣ ಸೆಲ್ಲು ಸತ್ತಿದೆ. ಪ್ಲಗ್ ಕಿತ್ತರೆ ಸಾಕು, ಕಂಪ್ಯೂಟರು ತಾನು ಹುಟ್ಟಿದ ವರ್ಷಕ್ಕೆ ಹೋಗಿ ಕೂರುತ್ತದೆ. ಗುಡುಗಿದರೂ ಗುಡುಗದಿದ್ದರೂ ಪ್ಲಗ್ ಕೀಳಬೇಕೆಂಬ ನಿಮ್ಮ ಕಾನೂನನ್ನು ಅಕ್ಕ ಇನ್ನೂ ಪಾಲಿಸುತ್ತಾಳೆ. ಮತ್ತೆ ಹಚ್ಚಿದರೆ, ನಿಮ್ಮ ಗಡಿಯಾರ ಹಿಂದಿದೆ ಅಂತ ಹೇಳಿ ಇಂಟರ್ನೆಟ್ಟು ಬಾಗಿಲೇ ತೆರೆಯುವುದಿಲ್ಲ. ಅದರ ಲೆಕ್ಕದಲ್ಲಿ ನೀವಿನ್ನೂ ಬೊಂಬಾಯಿಯ ಗಲ್ಲೆಯ ಮೇಲಿದ್ದೀರಿ, ಸಕ್ಕರೆ ಕಾಯಿಲೆಯೂ ಬಂದಿಲ್ಲ.

ಹಾಗಾಗಿ ಪ್ರತಿ ಆದಿತ್ಯವಾರ ನಾನು ಹೋಗಿ ತಾರೀಕು ಸರಿ ಮಾಡುತ್ತೇನೆ. ಮೀನುಸಾರು ಉಂಡು, ಇಬ್ಬರೂ ಕೂತು ಒಂದು ಆಟ ನೋಡುತ್ತೇವೆ. ಸಂಜೆ ಅಕ್ಕ ಪ್ಲಗ್ ಕೀಳುತ್ತಾಳೆ. ತಾರೀಕು ಬದಲಿಸುವುದು ತನಗೆ ಬರುವುದಿಲ್ಲವಂತೆ. ಮೊಬೈಲಿನಲ್ಲಿ ಅಲಾರಂ ಇಡುವುದು, ಗ್ಯಾಸ್ ಬುಕ್ ಮಾಡುವುದು, ಸ್ವಸಹಾಯ ಸಂಘಕ್ಕೆಲ್ಲ ಮೆಸೇಜು ಕಳಿಸುವುದು ಬರುತ್ತದೆ, ಇದೊಂದು ಬರುವುದಿಲ್ಲ. ಒಂದು ಸೆಲ್ಲು ಹಾಕಿದರೆ ಸರಿಯಾಗುವುದಲ್ಲವಾ ಅಂತ ಒಮ್ಮೆ ಕೇಳಿದಳು. ಆ ನಮೂನೆಯದ್ದು ಈಗ ಬರುವುದು ನಿಂತಿದೆ, ಬೈಂದೂರಿನಿಂದ ಬ್ರಹ್ಮಾವರದವರೆಗೆ ಹುಡುಕಿಯಾಯಿತು ಅಂದೆ.

ನೀವು ಕೇಳದ ಸುದ್ದಿ ಇದು: ಹೊಸ್ತಿನ ದಿನ ಅದು ಒಂದೇ ಏಟಿಗೆ ಶುರುವಾಯಿತು. ಅಕ್ಕ ಹೊಸ ಕದಿರನ್ನು ಫ್ಯಾನಿನ ದಾರಿಗೆ ಸಿಗದ ಹಾಗೆ ಮಾನಿಟರಿನ ಕುತ್ತಿಗೆಗೆ ಕಟ್ಟಿದಳು. ನಿಮ್ಮ ಮಗಳು ತಂದ ಲ್ಯಾಪ್‌ಟಾಪು ಕವಾಟಿನಲ್ಲಿದೆ, ಡಬ್ಬಿ ಬಿಚ್ಚಿಲ್ಲ.

ಹೋದ ಆದಿತ್ಯವಾರ ಅಕಾಲ ಮಳೆಗೆ ಸಿಕ್ಕಿ ಒದ್ದೆಯಾಗಿ ಹೋದೆ. ಅಕ್ಕ ನಿಮ್ಮ ಅಂಗಿ ಕೊಟ್ಟಳು, ಹೊಟ್ಟೆಯ ಹತ್ತಿರ ಇನ್ನೊಬ್ಬ ಹಿಡಿಯುವಷ್ಟು ಸಡಿಲ. ನನ್ನದನ್ನು ಕಿಸೆ ಖಾಲಿ ಮಾಡಿ ಒಲೆಯ ಮೇಲ್ಗಡೆ ಒಣಹಾಕಿದಳು. ಹೊರಡುವಾಗ ಅಂಗಿ ಬಂತು. ಮುಟ್ಟಿ ನೋಡಿದೆ, ಕಿಸೆಯಲ್ಲಿದ್ದದ್ದೆಲ್ಲ ಇದ್ದ ಹಾಗೇ ಇತ್ತು. ಅಕ್ಕ ಪಾತ್ರೆ ತೊಳೆಯುತ್ತ, ಈ ಕಡೆ ತಿರುಗದೆ ಅಂದಳು: "ಬಪ್ಪ ಆದಿತ್ಯಾರ ಬೇಗ ಬಾ. ಗಡಿಯಾರ ಸರಿ ಮಾಡ್ಕಲ್ದಾ."

ಭಾವ, ಆ ಸೆಲ್ಲು ಕುಂದಾಪುರದ ಮೊದಲ ವಾಚಿನ ಅಂಗಡಿಯಲ್ಲೇ ಸಿಕ್ಕಿತ್ತು. ಹೊಸ್ತಿಗೂ ಮೊದಲಿನಿಂದ ನನ್ನ ಕಿಸೆಯಲ್ಲೇ ಇದೆ.