ಚೆನ್ನಾಗಿ ಮಾಡಿದ ಸ್ವಿಚ್ಚಿನ ಅಪರಾಧ

ಮಾನ್ಯ ರಫ್ತು ಪರವಾನಗಿ ಅಧಿಕಾರಿಗಳೇ,

ನನ್ನ ತಂಗಿಗೆ ಇರುವುದು ಒಂದೇ ಮೂತ್ರಪಿಂಡ. ಅದರಲ್ಲೀಗ ಕಲ್ಲು ಕೂತಿದೆ. ಮೈ ಕೊಯ್ಯದೆ ಹೊರಗಿನಿಂದಲೇ ಪೆಟ್ಟು ಕೊಟ್ಟು ಕಲ್ಲನ್ನು ಪುಡಿ ಮಾಡುವ ಯಂತ್ರ ಅವಳ ಊರಿನ ಆಸ್ಪತ್ರೆಯಲ್ಲಿದೆ. ಆ ಯಂತ್ರದ ಕಿಡಿ ಹಾರಿಸುವ ಸ್ವಿಚ್ಚು ಸವೆದುಹೋಗಿದೆ. ಹೊಸದು ನಿಮ್ಮ ಕಚೇರಿಯ ಕಪಾಟಿನಲ್ಲಿದೆ. ಮಾಡಿದವನು ನಾನು, ತಡೆದವರು ತಾವು.

ಅವಳ ಇನ್ನೊಂದು ಮೂತ್ರಪಿಂಡ ಎಲ್ಲಿ ಎಂದು ದೇಶದ ಭದ್ರತೆಯ ದೃಷ್ಟಿಯಿಂದ ತಾವು ಕೇಳಬಹುದು. ನನ್ನ ಹೊಟ್ಟೆಯಲ್ಲಿದೆ. ನನ್ನವೆರಡೂ ಕೈಕೊಟ್ಟಾಗ, ಗಡಿಯಾಚೆ ಮದುವೆಯಾಗಿ ಹೋಗಿದ್ದ ಅವಳು ಬಂದು ಕೊಟ್ಟುಹೋದಳು. ಇದಕ್ಕೆ ಬೇರೇನಾದರೂ ಉಪಯೋಗವಿದೆಯೇ ಎಂದು ಗಡಿಯಲ್ಲಿ ಯಾರೂ ಅವಳನ್ನು ತಡೆಯಲಿಲ್ಲ.

ಇಂಥದೇ ಸ್ವಿಚ್ಚು ಅಣುಬಾಂಬನ್ನೂ ಸಿಡಿಸಬಲ್ಲದು ಎನ್ನುತ್ತೀರಿ. ಗೊತ್ತು, ಸ್ವಾಮಿ. ನನ್ನ ಕೈಕೆಲಸ ಯಾರದೋ ಊರು ಸುಡುವುದು ನನಗೂ ಬೇಡ. ಬಾಗಿಲು ಹಾರುಹೊಡೆದು ಕೂರಿ ಎಂದು ನಾನು ಹೇಳುತ್ತಿಲ್ಲ. ಆದರೆ ಬಾಗಿಲು ಕಾಯುವವರಿಗೆ ಬಂದವರು ಯಾರು ಎಂದು ನೋಡಲು ಕಣ್ಣಾದರೂ ಬೇಡವೇ? ಆಸ್ಪತ್ರೆಯ ವೈದ್ಯರು ಬರೆದುಕೊಟ್ಟರು, ಯಂತ್ರದ ಫೋಟೊ ಕಳಿಸಿದರು, ಸಾಕ್ಷಿಗಿರಲಿ ಎಂದು ಸವೆದ ಸ್ವಿಚ್ಚನ್ನೇ ಕಳಿಸಿದರು. ಆ ಸತ್ತ ಸ್ವಿಚ್ಚು ದೇಶದೊಳಗೆ ಬಂದದ್ದು ಹೇಗೆ ಎಂದು ತಮ್ಮಿಂದ ಇನ್ನೊಂದು ವಿಚಾರಣೆ ಹೊರಟಿತು.

ತಪ್ಪು ನಮ್ಮ ಕಾರ್ಖಾನೆಯ ಪದ್ಧತಿಯದು. ಗಿರಾಕಿ ಕೇಳಿದ ವೇಗವನ್ನಲ್ಲ, ಪರೀಕ್ಷೆಯಲ್ಲಿ ಕಂಡ ವೇಗವನ್ನೇ ನಾವು ಸ್ವಿಚ್ಚಿನ ಮೈಮೇಲೆ ಕೊರೆಯುತ್ತೇವೆ. ಅಪ್ಪ ಹಾಗೆ ಮಾಡುತ್ತಿದ್ದರು, ನಾನೂ ಬಿಟ್ಟಿಲ್ಲ. ತಂಗಿಗಾಗಿ ಮಾಡುವುದಲ್ಲವೇ ಎಂದು ಜೀವ ತೇಯ್ದು ಮಾಡಿದೆ, ಅದು ರಫ್ತಿಗೆ ನೀವು ಇಟ್ಟ ವೇಗದ ಮಿತಿಗಿಂತ ಕೂದಲೆಳೆಯಷ್ಟು ಚುರುಕಾಗಿಬಿಟ್ಟಿತು. ಕಂಡದ್ದನ್ನು ಕಂಡ ಹಾಗೆ ಕೊರೆದೆ. ಸುಳ್ಳು ಕೊರೆದಿದ್ದರೆ ಅವಳಿಷ್ಟು ಹೊತ್ತಿಗೆ ಗುಣವಾಗಿ ಮನೆಯಲ್ಲಿರುತ್ತಿದ್ದಳು.

ನಿಮ್ಮ ಕೈಕೆಳಗಿನ ಅಧಿಕಾರಿ ಒಳ್ಳೆಯವರು. ಕೂರಿಸಿ, ಫ್ಯಾನ್ ಹಾಕಿಸಿ, ತಗ್ಗಿದ ದನಿಯಲ್ಲಿ ದಾರಿ ತೋರಿಸಿದರು. "ಇಷ್ಟು ಚೆನ್ನಾಗಿ ಯಾಕ್ರೀ ಮಾಡೋಕೆ ಹೋದ್ರಿ? ಸ್ವಲ್ಪ ಕೆಟ್ಟದಾಗಿ ಮಾಡ್ಕೊಂಡು ಬನ್ನಿ, ನಮ್ಮ ತಕರಾರೇನಿಲ್ಲ."

ಹೊರಗೆ ಬಂದರೆ ನಿಮ್ಮದೇ ಕಟ್ಟಡದ ಅಂಗಳದಲ್ಲಿ ಸರ್ಕಾರದ ಶಸ್ತ್ರಾಸ್ತ್ರ ಪ್ರದರ್ಶನ. ನನ್ನ ತಂಗಿಯಿರುವ ದೇಶದ ಸೇನಾಧಿಕಾರಿಗಳು ಫಿರಂಗಿಗಳ ಮೈ ಸವರಿ ನೋಡುತ್ತಿದ್ದರು. ನಿಮ್ಮವರು ನಗುನಗುತ್ತ ಕೈಕುಲುಕಿ ಮಾರಾಟ ಮುಗಿಸಿದರು. ನ್ಯಾಯವೇ ತಾನೇ? ಫಿರಂಗಿಗೆ ಇರುವುದು ಒಂದೇ ಉಪಯೋಗ, ಅದರ ಬಗ್ಗೆ ಅನುಮಾನಪಡಲು ಏನಿದೆ?

ಕೊನೆಗೆ ನಾನು ಕೆಟ್ಟದಾಗಿಯೇ ಮಾಡಿದೆ. ಕಲಿತ ಕೈಯಿಂದ ಕೆಲಸ ಕೆಡಿಸುವುದು ಎಷ್ಟು ಕಷ್ಟ ಎಂದು ತಮಗೆ ತಿಳಿಯಲಾರದು. ಈ ಮಂದ ಸ್ವಿಚ್ಚಿನಿಂದಲೂ ಕಲ್ಲು ಒಡೆಯುತ್ತದೆ. ಆದರೆ ಪೆಟ್ಟುಗಳು ಬಹಳ ಬೇಕು, ಒಂದೊಂದು ಪೆಟ್ಟಿಗೂ ಇರುವ ಒಂದೇ ಮೂತ್ರಪಿಂಡ ನಲುಗುತ್ತದೆ ಎಂದರು ವೈದ್ಯರು. ಫೋನಿನಲ್ಲಿ ತಂಗಿಗೆ ಇದನ್ನು ಹೇಳಿದೆ. ಅವಳೇ ಸಮಾಧಾನ ಹೇಳಿದಳು. "ಪೆಟ್ಟು ತಿನ್ನೋಳು ನಾನು ತಾನೇ ಅಣ್ಣಾ? ಬರೋ ಹಾಗಿರೋದನ್ನ ಕಳ್ಸು."

ಅದೂ ಬರುವ ಹಾಗಿಲ್ಲವಂತೆ. ಒಬ್ಬನೇ ಮನುಷ್ಯ ಒಂದೇ ಆಸ್ಪತ್ರೆಗೆ ಎರಡು ಸ್ವಿಚ್ಚು ಕಳಿಸುವುದು ಸಂಶಯಾಸ್ಪದ ಎಂದು ನಿಮ್ಮ ಕಚೇರಿ ಅದನ್ನೂ ಮೊದಲನೆಯದರ ಪಕ್ಕದಲ್ಲಿಟ್ಟು ಬೀಗ ಹಾಕಿದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವ ಸ್ಥಿತಿ ಬಂದಿದೆ. ಬರುವ ಗುರುವಾರದವರೆಗೆ ನೋಡಿ, ಆಮೇಲೆ ಕೊಯ್ಯುತ್ತೇವೆ ಎಂದಿದ್ದಾರೆ ವೈದ್ಯರು. ಕೊಯ್ದರೆ ಆ ಮೂತ್ರಪಿಂಡ ಉಳಿಯುವ ಭರವಸೆಯನ್ನು ಅವರು ಕೊಡುತ್ತಿಲ್ಲ.

ನನ್ನ ಬೇಡಿಕೆ ಚಿಕ್ಕದು. ಎರಡರಲ್ಲಿ ಒಂದನ್ನು ಬಿಡಿ, ಒಳ್ಳೆಯದನ್ನೋ ಕೆಟ್ಟದ್ದನ್ನೋ. ಅದಾಗದಿದ್ದರೆ "ಇಲ್ಲ" ಎಂದು ಬರೆದು ಸಹಿ ಹಾಕಿ. "ಪರಿಶೀಲನೆಯಲ್ಲಿದೆ" ಎಂಬ ಮಾತು ಮಾತ್ರ ಇನ್ನು ಬೇಡ. ಆ ಮಾತು ನಂಬಿ, ಇನ್ನೇನು ಬಂತು, ತಡೆದುಕೋ ಎಂದು ಅವಳನ್ನು ದಿನವೂ ಕಾಯಿಸುತ್ತಿರುವವನು ನಾನು. ಸಂಜೆಯಾದರೆ ಅವಳಿಗೆ ಜ್ವರ ಏರುತ್ತದೆ. ಆದರೂ ಅಣ್ಣ ಹೇಳಿದನಲ್ಲ ಎಂದು ಕಾಯುತ್ತಿದ್ದಾಳೆ.

ಇಂತಿ,
ತಮ್ಮ ವಿಶ್ವಾಸಕ್ಕೆ ಪಾತ್ರನಾಗದ,
ತಂಗಿಯ ವಿಶ್ವಾಸಕ್ಕೆ ಹೆದರುತ್ತಿರುವ,
ಒಬ್ಬ ಸ್ವಿಚ್ಚು ಮಾಡುವವನು