ನೆಂಟರ ಕೋಣೆಯ ರೇಡಿಯೇಟರ್

ಎರ್ಜುರುಮ್, ಜನವರಿ ೧೪

ನಾಳೆ ತಂಗಿಯ ಮಗಳು ನಜೀರೆ ಹಸುಗೂಸಿನೊಡನೆ ಆಸ್ಪತ್ರೆಯಿಂದ ಬರುತ್ತಾಳೆ. ನಲವತ್ತು ದಿನ ಬಾಣಂತಿ ಹೊಸಿಲು ದಾಟುವಂತಿಲ್ಲ. ಅವಳಿಗೆಂದು ಇವತ್ತು ತೆರೆದ ನೆಂಟರ ಕೋಣೆಯಲ್ಲಿ ಮಾತ್ರ ಕೋಣೆ ಬೆಚ್ಚಗಿಡುವ ಬಿಸಿನೀರಿನ ರೇಡಿಯೇಟರ್ ತಣ್ಣಗಿತ್ತು. ಅದನ್ನು ಬಿಸಿ ಮಾಡದೆ ಏಳುವುದಿಲ್ಲವೆಂದು ಕೂತೆ. ಮೇಲಿನ ತಿರುಪು ಸಡಿಲಿಸಿ ಒಳಗಿನ ಗಾಳಿ ಬಿಟ್ಟೆ. ಏನೂ ಆಗಲಿಲ್ಲ.

"ಅಣ್ಣಾ, ಬಡಾಯಿಗೆ ಕೋಣೆ ಬೆಚ್ಚಗಾಗೋದಾದ್ರೆ ಗ್ಯಾಸೇ ಬೇಕಿರ್ಲಿಲ್ಲ. ರಿಪೇರಿಯವ್ನನ್ನ ಕರೀಲಾ?" ಎಂದಳು ತಂಗಿ.

"ಅವ್ನು ಕಲ್ತಿದ್ದೇ ನನ್ನ ಹತ್ರ. ನೀ ಹೋಗಿ ಚಹಾ ತಾ."

ಅವಳು ಅತ್ತ ಹೋದ ಮೇಲೆ ನೆಲಕ್ಕೆ ಕೆನ್ನೆಯಿಟ್ಟು ನೋಡಿದೆ. ನೀರು ಹೊರಹೋಗುವ ಕೆಳಗಿನ ವಾಲ್ವ್ ಬಿಗಿಯಾಗಿ ಮುಚ್ಚಿತ್ತು. ಬೇಸಿಗೆಯಲ್ಲಿ ಗೋಡೆಗೆ ಬಣ್ಣ ಬಳಿಯಲು ಅದನ್ನು ಮುಚ್ಚಿ ರೇಡಿಯೇಟರ್ ಕಳಚಿದವನು, ಮತ್ತೆ ಜೋಡಿಸಿದವನು, ಇಬ್ಬರೂ ನಾನೇ. ಸದ್ದಿಲ್ಲದೆ ತಿರುವಿದೆ. ಚಹಾ ಬರುವಷ್ಟರಲ್ಲಿ ಕೊಳವೆ ಬೆಚ್ಚಗಾಗಿತ್ತು.

"ಏನಾಗಿತ್ತು?"

"ನಾನಲ್ದೆ ಬೇರೆ ಯಾರೂ ಮಾಡೋಕಾಗದ ಕೆಲ್ಸ," ಎಂದೆ.

ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ತಂಗಿ ನನ್ನ ತಲೆಗೆ ಮುತ್ತಿಟ್ಟಳು. ಕೂಸು ದೊಡ್ಡದಾದ ಮೇಲೆ ಅದಕ್ಕೊಂದಕ್ಕೆ ನಿಜ ಹೇಳಬೇಕು, ಅಥವಾ ಅದಕ್ಕೂ ಬೇಡ.